ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸಂಪಾದಕರಿಗೆ,

ಮಾನ್ಯರೇ,

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಆ ವಾರ ಕಚೇರಿಗಳಲ್ಲಿ ಒಂದು ಉಪನ್ಯಾಸ, ಅರ್ಧ ಗಂಟೆ ಧ್ಯಾನ, ಒತ್ತಡ ಕಳೆಯಲೆಂದು ಕೈಯಲ್ಲಿ ಹಿಸುಕುವ ರಬ್ಬರ್ ಚೆಂಡು. ಮಾರನೇ ದಿನ ಪತ್ರಿಕೆಯಲ್ಲಿ ಸಾಲಾಗಿ ನಿಂತವರ ಚಿತ್ರ. ಉಪನ್ಯಾಸ ಕೇಳಿ ಸೀಟಿಗೆ ಮರಳಿದವರಿಗೆ ಆ ಒಂದು ಗಂಟೆಯ ಕೆಲಸ ಅಲ್ಲೇ ಕಾದು ಕೂತಿರುತ್ತದೆ. ಅದನ್ನು ಅವರು ರಾತ್ರಿ ಮನೆಯಲ್ಲಿ ಮುಗಿಸುತ್ತಾರೆ. ಜ್ವರ ಬಂದಿರುವುದು ಕೆಲಸದ ಏರ್ಪಾಡಿಗೆ, ಬರೆ ಬೀಳುತ್ತಿರುವುದು ನೌಕರನಿಗೆ. ನೌಕರರ ಮಾನಸಿಕ ಆರೋಗ್ಯದ ಹೆಸರಿನಲ್ಲಿ ನಡೆಯುವುದರಲ್ಲಿ ಹೆಚ್ಚಿನದು ಇದೇ ಆದ್ದರಿಂದ ಈ ಪತ್ರ.

ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರ ಉತ್ತರಗಳನ್ನು ಜಾಲಾಡಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಧ್ಯಾನದ ಆ್ಯಪ್, ಒತ್ತಡ ನಿಭಾಯಿಸುವ ತರಬೇತಿ, ನಿದ್ದೆಯ ಆ್ಯಪ್ ಇವುಗಳಲ್ಲಿ ಪಾಲ್ಗೊಂಡವರ ಮನಃಸ್ಥಿತಿ ಪಾಲ್ಗೊಳ್ಳದವರಿಗಿಂತ ಉತ್ತಮವಾಗಿದೆ ಎಂದು ಹೇಳಲು ಆಧಾರ ಸಿಗಲಿಲ್ಲ. ಒಂದೇ ಹೊತ್ತಿನಲ್ಲಿ ನಡೆದ ಸಮೀಕ್ಷೆಯಾದ್ದರಿಂದ ಇದನ್ನೇ ಕೊನೆಯ ಮಾತು ಎನ್ನಲಾಗದು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ವ್ಯಕ್ತಿಯನ್ನಷ್ಟೇ ರಿಪೇರಿ ಮಾಡಲು ಹೇಳುವುದಿಲ್ಲ. ಕೆಲಸದ ಹೊರೆ, ವೇಳೆ, ಅಧಿಕಾರ ಹಂಚಿಕೆ ಇವುಗಳಿಗೆ ಕೈಹಾಕಿ, ಮ್ಯಾನೇಜರುಗಳಿಗೆ ತರಬೇತಿ ಕೊಡಿ ಎನ್ನುತ್ತದೆ. ವ್ಯಕ್ತಿಗೆ ಕಲಿಸುವ ಕೌಶಲ ಇವುಗಳ ಜೊತೆಗೆ ಇರಬೇಕಾದದ್ದು, ಇವುಗಳ ಬದಲಿಗಲ್ಲ. ಖಿನ್ನತೆ ಮತ್ತು ಆತಂಕದಿಂದ ಜಗತ್ತು ವರ್ಷಕ್ಕೆ ಸುಮಾರು 1,200 ಕೋಟಿ ಕೆಲಸದ ದಿನಗಳನ್ನು ಕಳೆದುಕೊಳ್ಳುತ್ತಿದೆ ಎಂಬ ಅಂದಾಜೂ ಆ ಸಂಸ್ಥೆಯದೇ. ಅಷ್ಟು ದಿನಗಳನ್ನು ರಬ್ಬರ್ ಚೆಂಡು ಹಿಸುಕಿ ಮರಳಿ ತರಲಾಗದು.

ಹೊರೆಯನ್ನು ಕಡಿಮೆ ಮಾಡಬೇಕಾದರೆ ಮೊದಲು ಅಳೆಯಬೇಕು. ಎರಡು ವಾರ ಮಾತ್ರ, ತಂಡದ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಅರ್ಧ ಅರ್ಧ ಗಂಟೆಗೆ ಏನು ಮಾಡಿದೆ ಎಂದು ಗೆರೆ ಎಳೆದರೆ ಸಾಕು. ಹಾಳೆಗೆ ಹೆಸರು ಬೇಡ. ಬೇಹುಗಾರಿಕೆಗೆ ಇದನ್ನು ಬಳಸುತ್ತಾರೆ ಎಂಬ ಅನುಮಾನ ಬಂದ ಕ್ಷಣವೇ ಸುಳ್ಳು ಗೆರೆಗಳು ಬೀಳತೊಡಗುತ್ತವೆ. ಸಿಗುವ ಚಿತ್ರ ಹೀಗಿರಬಹುದು: 40 ಗಂಟೆಯ ವಾರದಲ್ಲಿ ಮೀಟಿಂಗ್ 9, ಮೇಲ್ ಮತ್ತು ಮೆಸೇಜಿಗೆ ಉತ್ತರ 5, ಹೊಸಬರಿಗೆ ಕಲಿಸುವುದು 3, ದಿಢೀರನೆ ಬಂದ ಕೆಲಸ 4, ವರದಿ ತುಂಬುವುದು 2. ಒಟ್ಟು 23. ಅಸಲು ಕೆಲಸಕ್ಕೆ ಉಳಿದದ್ದು 17 ಗಂಟೆ. ಯೋಜನೆ ಹಾಕಿದವರ ಕಾಗದದಲ್ಲಿ ಅದೇ ಕೆಲಸಕ್ಕೆ 34 ಗಂಟೆ ಎಂದಿರುತ್ತದೆ. ಉಳಿದ 17 ಗಂಟೆ ಎಲ್ಲಿಂದ ಬರಬೇಕು? ರಾತ್ರಿಯಿಂದ, ವಾರದ ರಜೆಯಿಂದ.

ಸದ್ದಿಲ್ಲದೆ ಏರುವ ಇನ್ನೊಂದು ಲೆಕ್ಕವಿದೆ. ಎಂಟು ಜನರ ತಂಡದಲ್ಲಿ ಇಬ್ಬರು ಬಿಟ್ಟುಹೋದರು, ಬದಲಿಗೆ ಯಾರೂ ಬರಲಿಲ್ಲ, ಟಾರ್ಗೆಟ್ ಇಳಿಯಲಿಲ್ಲ. ಉಳಿದ ಆರು ಮಂದಿಯ 40 ಗಂಟೆ ಈಗ 53 ಗಂಟೆ 20 ನಿಮಿಷ. ಯಾರೂ ಹೆಚ್ಚು ಕೆಲಸ ಮಾಡಿ ಎಂದು ಆದೇಶಿಸಿಲ್ಲ, ಯಾವ ಕಡತದಲ್ಲೂ ಅದು ದಾಖಲಾಗಿಲ್ಲ. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ಹೇಳಿವೆ. ಇಬ್ಬರು ರಾಜೀನಾಮೆ ಕೊಟ್ಟರೆ ಉಳಿದವರು ಆ ಗೆರೆಯ ಹತ್ತಿರ ಬಂದು ನಿಲ್ಲುತ್ತಾರೆ.

ಲೆಕ್ಕ ಕೈಗೆ ಬಂದ ಮೇಲೆ ಉಳಿಯುವ ದಾರಿಗಳು ಕೆಲವೇ: ಕೆಲಸ ಕೈಬಿಡುವುದು, ಮುಂದೂಡುವುದು, ಸರಳಗೊಳಿಸುವುದು, ಜನ ಸೇರಿಸುವುದು. ‘ಆದ್ಯತೆ ನೋಡಿಕೊಂಡು ಮಾಡಿ’ ಎಂಬುದು ಈ ಪಟ್ಟಿಯಲ್ಲಿಲ್ಲ. ಅದು ಆಯ್ಕೆಯ ಭಾರವನ್ನು ಕೆಳಗಿನವರ ತಲೆಗೆ ಕಟ್ಟುವ ಜಾಣತನ. ಯಾವುದನ್ನು ಈ ತಿಂಗಳು ಮಾಡುವುದಿಲ್ಲ ಎಂದು ಮ್ಯಾನೇಜರ್ ಬರೆದು ಕೊಡಬೇಕು, ಆ ಕೆಲಸ ಕೇಳಿದವರಿಗೆ ತಾನೇ ಹೋಗಿ ಹೇಳಬೇಕು. ಈ ಎರಡನೆಯದು ತಪ್ಪಿದರೆ ಮೊದಲನೆಯದಕ್ಕೆ ಬೆಲೆಯಿಲ್ಲ, ಏಕೆಂದರೆ ಫೋನ್ ಬರುವುದು ಕೆಲಸಗಾರನಿಗೇ.

ಹೊರೆ ಒಂದೇ ಕಾರಣವಲ್ಲ. ಬೇಡಿಕೆ ಹೆಚ್ಚಿದ್ದು, ಕೆಲಸದ ಮೇಲೆ ಹಿಡಿತ ಕಡಿಮೆಯಿದ್ದಾಗ ಮನಸ್ಸು ಹೆಚ್ಚು ಬಳಲುತ್ತದೆ ಎಂದು ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲೇ ತೋರಿಸಿದ್ದರು. ಪಟ್ಟ ಶ್ರಮಕ್ಕೂ ಸಿಗುವ ಸಂಬಳ, ಮನ್ನಣೆ, ಭದ್ರತೆಗೂ ತಾಳೆಯಾಗದಾಗ ಏನಾಗುತ್ತದೆ ಎಂಬುದನ್ನು ಇನ್ನೊಬ್ಬ ಸಂಶೋಧಕ ಯೊಹಾನೆಸ್ ಸೀಗ್ರಿಸ್ಟ್ 1996ರಲ್ಲಿ ವಿವರಿಸಿದರು. ಕಾಲ್ ಸೆಂಟರಿನ ಉದಾಹರಣೆ ತೆಗೆದುಕೊಳ್ಳಿ. ಒಂದು ಕರೆ ಮುಗಿದ ಬೆನ್ನಿಗೇ ಇನ್ನೊಂದು ತಾನಾಗಿ ಬಂದು ಕಿವಿಗೆ ಬೀಳುತ್ತದೆ. ಬೈಗುಳ ತಿಂದವರಿಗೆ ಉಸಿರು ಬಿಡಲು ಹತ್ತು ಸೆಕೆಂಡು. ಅಲ್ಲಿ ಒಂದು ಬಟನ್ ಕೊಟ್ಟು, ಕೆಟ್ಟ ಕರೆಯ ನಂತರ ಐದು ನಿಮಿಷ ಕರೆಗಳ ಸಾಲಿನಿಂದ ಹೊರಗಿರಲು ಬಿಟ್ಟು, ಆ ಐದು ನಿಮಿಷಕ್ಕಾಗಿ ಅವರ ಕೆಲಸದ ಅಂಕ ಕಳೆಯದಿದ್ದರೆ ಹಿಡಿತ ಅವರ ಕೈಗೆ ಬರುತ್ತದೆ. ಬಟನ್ ಕೊಟ್ಟು ಅಂಕ ಕಳೆದರೆ ಅದನ್ನು ಒಬ್ಬರೂ ಒತ್ತುವುದಿಲ್ಲ. ಆಮೇಲೆ ‘ಸೌಲಭ್ಯ ಕೊಟ್ಟೆವು, ಯಾರೂ ಬಳಸಲಿಲ್ಲ’ ಎಂಬ ವರದಿ ಮೇಲೆ ಹೋಗುತ್ತದೆ.

ಒಬ್ಬ ನೌಕರನಿಗೆ ಇಬ್ಬರು ಮೇಲಧಿಕಾರಿಗಳಿದ್ದು, ಇಬ್ಬರೂ ಒಂದೇ ದಿನಾಂಕ ಕೊಟ್ಟಿದ್ದರೆ ಯಾವ ಧ್ಯಾನವೂ ನೆರವಿಗೆ ಬಾರದು. ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಇಲಾಖೆ ಕೆಲಸದ ಒತ್ತಡದ ಮೂಲಗಳನ್ನು ಆರು ತಲೆಬರಹಗಳಡಿ ಹಿಡಿದಿಟ್ಟಿದೆ: ಬೇಡಿಕೆ, ಹಿಡಿತ, ಬೆಂಬಲ, ಸಂಬಂಧ, ಪಾತ್ರ, ಬದಲಾವಣೆ. ತಂಡವನ್ನು ಕೂರಿಸಿ ಆರಕ್ಕೂ ಒಂದೊಂದು ಪ್ರಶ್ನೆ ಕೇಳಿದರೆ ಒಂದೂವರೆ ಗಂಟೆಯಲ್ಲಿ ನೋವು ಎಲ್ಲಿದೆ ಎಂಬುದು ತಿಳಿಯುತ್ತದೆ. ಮೇಲಧಿಕಾರಿ ಆ ಕೋಣೆಯಲ್ಲಿ ಇರಕೂಡದು ಎಂಬುದೊಂದೇ ಷರತ್ತು.

ವಿಶ್ರಾಂತಿಯ ವಿಷಯ ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಇಲ್ಲಿ ಏನು ಮಾಡಬೇಕೆಂಬುದು ಗೊತ್ತಿದೆ, ಮಾಡುವವರಿಲ್ಲ. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಬಿಡುವು ಇರಬೇಕೆಂಬುದು ಐರೋಪ್ಯ ಒಕ್ಕೂಟದ 2003ರ ಕೆಲಸದ ವೇಳೆಯ ನಿಯಮ. ಪಾಳಿ ತಿರುಗಿಸುವುದಾದರೆ ಬೆಳಗಿನಿಂದ ಮಧ್ಯಾಹ್ನಕ್ಕೆ, ಅಲ್ಲಿಂದ ರಾತ್ರಿಗೆ ಮುಂದಕ್ಕೆ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ದೇಹದ ಗಡಿಯಾರ ಹೊಂದಿಕೊಳ್ಳಲು ಹೆಚ್ಚು ತಿಣುಕುತ್ತದೆ. ರಾತ್ರಿ ಹೊತ್ತು ನೆನಪಾದದ್ದನ್ನು ಅಧಿಕಾರಿ ಬರೆದಿಟ್ಟುಕೊಳ್ಳಲಿ, ಆದರೆ ಮೆಸೇಜ್ ಬೆಳಗ್ಗೆ ಹೋಗುವಂತೆ ವೇಳೆ ಹೊಂದಿಸಿಡಲಿ. ‘ಉತ್ತರ ನಾಳೆ ಕೊಟ್ಟರೂ ಸಾಕು’ ಎಂದು ರಾತ್ರಿ ಹನ್ನೊಂದಕ್ಕೆ ಕಳಿಸುವುದು ಸೌಜನ್ಯದಂತೆ ಕಂಡರೂ ಓದಿದವರ ನಿದ್ದೆ ಆಗಲೇ ಹಾರಿರುತ್ತದೆ. ತುರ್ತು ಎಂದರೆ ಏನು, ತುರ್ತಿಗೆ ಯಾವ ನಂಬರಿನಿಂದ ಕರೆ ಬರುತ್ತದೆ ಎಂದು ಮೊದಲೇ ಗೊತ್ತುಮಾಡಿದರೆ ಉಳಿದೆಲ್ಲವನ್ನೂ ನಿಶ್ಚಿಂತೆಯಿಂದ ಮ್ಯೂಟ್ ಮಾಡಬಹುದು.

ಇನ್ನು ಮನುಷ್ಯರ ಕಡೆಗೆ ಬರೋಣ. ಕಾಯಿಲೆ ಪತ್ತೆ ಮಾಡುವುದು ಮ್ಯಾನೇಜರನ ಕೆಲಸವಲ್ಲ, ಬದಲಾವಣೆ ಗಮನಿಸುವುದು ಅವನ ಕೆಲಸ. ಅಳತೆಗೋಲು ಪಕ್ಕದವನಲ್ಲ, ಅದೇ ವ್ಯಕ್ತಿಯ ಹಳೆಯ ರೀತಿ. ಮೊದಲಿನಿಂದಲೂ ಮೌನಿಯಾದವರು ಮೌನವಾಗಿದ್ದರೆ ಏನೂ ಅಲ್ಲ. ಹರಟುತ್ತಿದ್ದವರು ಎರಡು ವಾರದಿಂದ ಮಾತೇ ಆಡದಿದ್ದರೆ ಕೇಳಬೇಕು. ಒಂದೇ ಇಮೇಲನ್ನು ನಾಲ್ಕು ಸಲ ತಿದ್ದಿಯೂ ಕಳಿಸದಿರುವುದು, ಸಣ್ಣ ತೀರ್ಮಾನಕ್ಕೂ ಬೇರೆಯವರ ಒಪ್ಪಿಗೆ ಹುಡುಕುವುದು, ಊಟದ ಹೊತ್ತಿಗೆ ಎದ್ದು ಹೋಗುತ್ತಿದ್ದವರು ಸೀಟು ಬಿಟ್ಟೇಳದಿರುವುದು, ವಾರದ ಮೊದಲ ದಿನವೇ ಬಿಡಿಬಿಡಿಯಾಗಿ ರಜೆ ಹಾಕುವುದು, ಎಂದೂ ಸಿಡುಕದವರು ಸಿಡುಕುವುದು. ಬರ್ನ್‌ಔಟ್ ಎಂಬ ಪದವನ್ನು ಎಲ್ಲದಕ್ಕೂ ಅಂಟಿಸುವ ರೂಢಿ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 11ನೇ ಆವೃತ್ತಿ ಅದನ್ನು ಕಾಯಿಲೆಯೆಂದು ಕರೆದಿಲ್ಲ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿದೆ. ಅದರ ಲಕ್ಷಣ ಮೂರು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಸಿನಿಕತನ ಮೂಡುವುದು, ಮಾಡಿದ್ದು ಏನೂ ಫಲಿಸುತ್ತಿಲ್ಲ ಎನಿಸುವುದು. ಖಿನ್ನತೆ ಬೇರೆ. ಅದು ಕೆಲಸ ಬಿಟ್ಟು ಮನೆಗೆ ಹೋದರೂ, ಪ್ರಿಯವಾದ ಹವ್ಯಾಸಕ್ಕೆ ಕೂತರೂ ಬಿಡುವುದಿಲ್ಲ. ಖಿನ್ನತೆಯಲ್ಲಿರುವವರಿಗೆ ‘ಹತ್ತು ದಿನ ಪ್ರವಾಸ ಹೋಗಿ ಬನ್ನಿ’ ಎಂದು ಕಳಿಸಿದರೆ ಹತ್ತು ದಿನ ಚಿಕಿತ್ಸೆ ತಡವಾಗುತ್ತದೆ, ಅಷ್ಟೇ.

ಮೊದಲ ಮಾತುಕತೆಯಲ್ಲೇ ಬಹುತೇಕ ಎಡವಟ್ಟುಗಳು ಆಗುವುದು. ಅಪ್ರೈಸಲ್ ಮೀಟಿಂಗಿನ ಬಾಲಕ್ಕೆ ಅದನ್ನು ಕಟ್ಟಬಾರದು. ಚಾಟ್‌ನಲ್ಲಿ ‘ನಾಳೆ ಸ್ವಲ್ಪ ಮಾತಾಡಬೇಕು’ ಎಂದಷ್ಟೇ ಹಾಕಿ ಇಡೀ ರಾತ್ರಿ ಕಾಯಿಸಬಾರದು. ‘ಕೆಲಸದ ತಪ್ಪಿನ ವಿಷಯವಲ್ಲ, ಹೇಗಿದ್ದೀರಿ ಅಂತ ಕೇಳೋಣ ಅನ್ನಿಸಿತು’ ಎಂಬ ಎರಡನೇ ಸಾಲು ಸೇರಿಸಲು ಅರ್ಧ ನಿಮಿಷ ಸಾಕು. ಗಾಜಿನ ಗೋಡೆಯ ಕೋಣೆ ಬೇಡ. ಹೊರಗಿನವರಿಗೆ ಕಣ್ಣೀರು ಕಾಣುತ್ತದೆ ಎಂಬ ಭಯವಿದ್ದರೆ ಯಾರೂ ಬಾಯಿ ಬಿಡರು. ಅರ್ಧ ಗಂಟೆ ಮೀಸಲಿಡಿ, ಫೋನನ್ನು ಕೋಣೆಯ ಹೊರಗಿಡಿ. ಶುರು ಮಾಡುವಾಗ ಕಂಡದ್ದನ್ನು ಹೇಳಿ, ನಿಮ್ಮ ಊಹೆಯನ್ನಲ್ಲ: ‘ಕಳೆದ ಮೂರು ವಾರದಲ್ಲಿ ಎರಡು ವರದಿ ತಡವಾಯಿತು, ಮೀಟಿಂಗಿನಲ್ಲಿ ನೀವು ಮೊದಲಿನ ಹಾಗೆ ಮಾತಾಡುತ್ತಿಲ್ಲ. ನಿಮ್ಮ ಪಾಲಿಗೆ ಇದು ಮಾಮೂಲಲ್ಲ. ಏನಾದರೂ ಕಷ್ಟ ಇದೆಯಾ?’ ‘ನಿಮಗೆ ಡಿಪ್ರೆಶನ್ ಇರಬೇಕು’ ಎಂದರೆ ಬಾಗಿಲು ಅಲ್ಲಿಗೇ ಮುಚ್ಚಿತು.

ಕೇಳಿದ ಮೇಲೆ ಸುಮ್ಮನಿರಬೇಕು. ಎಂಟು ಹತ್ತು ಸೆಕೆಂಡಿನ ಮೌನ ಬಹಳ ಉದ್ದ ಅನಿಸುತ್ತದೆ, ತುಂಬಿಸಲು ನಾಲಿಗೆ ತುರಿಸುತ್ತದೆ. ತುಂಬಿಸಿದರೆ ‘ಏನಿಲ್ಲ ಸರ್, ಆರಾಮಾಗಿದ್ದೀನಿ’ ಎಂಬ ಉತ್ತರವೇ ಗಟ್ಟಿ. ಹಾಗೆಂದು ಅವರು ನಿಜವಾಗಿಯೂ ಹೇಳಿದರೆ ಒತ್ತಾಯ ಬೇಡ. ‘ಸರಿ, ಮುಂದಿನ ವಾರ ಮತ್ತೆ ಕೇಳ್ತೀನಿ’ ಎಂದು ಹೇಳಿ, ಮರೆಯದೆ ಕೇಳಿ. ಎರಡನೇ ಸಲ ಕೇಳಿದಾಗ ಬಾಯಿ ಬಿಡುವವರು ಬಹಳ. ‘ಎಲ್ಲರಿಗೂ ಇದ್ದದ್ದೇ’, ‘ಪಾಸಿಟಿವ್ ಆಗಿ ಯೋಚಿಸಿ’, ‘ನಾನೂ ಇದನ್ನೆಲ್ಲ ದಾಟಿ ಬಂದವನೇ’ ಈ ಮೂರನ್ನು ಮಾತ್ರ ಬಾಯಿಗೆ ತರಬೇಡಿ. ಮಾತು ಮುಗಿಯುವ ಮುನ್ನ ಒಂದಾದರೂ ಖಚಿತ ಬದಲಾವಣೆ ತೀರ್ಮಾನವಾಗಬೇಕು: ಈ ವಾರ ಯಾವ ಕೆಲಸ ಅವರಿಂದ ತೆಗೆಯುತ್ತೀರಿ, ಯಾರಿಗೆ ಏನು ಹೇಳುತ್ತೀರಿ, ಮತ್ತೆ ಯಾವ ದಿನ ಸೇರುತ್ತೀರಿ. ಬರೆದಿಟ್ಟುಕೊಳ್ಳುವಾಗ ಒಪ್ಪಿದ ಏರ್ಪಾಡನ್ನು ಮಾತ್ರ ಬರೆಯಿರಿ. ಅವರು ಮನೆಯ ಬಗ್ಗೆ, ಔಷಧದ ಬಗ್ಗೆ ಹೇಳಿದ್ದು ಕಡತಕ್ಕೆ ಸೇರಬೇಕಾಗಿಲ್ಲ.

ಬದುಕು ಬೇಡ ಎನ್ನುವ ಧಾಟಿಯ ಮಾತು ಬಂದರೆ ನೇರವಾಗಿ ಕೇಳಬೇಕು: ‘ಸಾಯುವ ಯೋಚನೆ ಬರುತ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಎಂಬ ಹೆದರಿಕೆ ಸರಿಯಲ್ಲ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿ ತೆರೆಯುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು. ‘ಯಾರಿಗೂ ಹೇಳೋದಿಲ್ಲ’ ಎಂದು ಮಾತು ಕೊಡಬಾರದು, ಏಕೆಂದರೆ ಆ ಮಾತು ಉಳಿಸಿಕೊಳ್ಳಲಾಗದು. ಅವರು ನಂಬುವ ಒಬ್ಬರನ್ನು ಕರೆಸಿ, ಅದೇ ದಿನ ವೈದ್ಯರ ಬಳಿಗೆ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಜೊತೆಗೆ ಹೋಗಬೇಕು. ಕ್ಯಾಬ್ ಬುಕ್ ಮಾಡಿ ಕಳಿಸಿಕೊಟ್ಟರೆ ಕೆಲಸ ಮುಗಿಯಲಿಲ್ಲ. ತುರ್ತು ನಂಬರು, ಹೆಲ್ಪ್‌ಲೈನ್ ನಂಬರು, ಹತ್ತಿರದ ಆಸ್ಪತ್ರೆಯ ವಿಳಾಸ ಪ್ರತಿ ಮ್ಯಾನೇಜರನ ಫೋನಿನಲ್ಲಿ ಮೊದಲೇ ಇರಬೇಕು. ಆ ಹೊತ್ತಿನಲ್ಲಿ ಹುಡುಕಲು ಕೂತರೆ ಕೈ ನಡುಗುತ್ತದೆ.

ಸಂಸ್ಥೆ ಹಣ ಕಟ್ಟಿ ಒದಗಿಸುವ ಕೌನ್ಸೆಲಿಂಗ್ ಸೇವೆಯನ್ನು ಜನ ಯಾಕೆ ಬಳಸುವುದಿಲ್ಲ ಎಂದು ಆಡಳಿತಗಳು ಆಶ್ಚರ್ಯಪಡುತ್ತವೆ. ಒಳಗೆ ಇಣುಕಿದರೆ ಆಶ್ಚರ್ಯವೇನಿಲ್ಲ. ಅಪಾಯಿಂಟ್‌ಮೆಂಟ್‌ಗೆ ಕಚೇರಿಯ ಇಮೇಲ್ ಐಡಿ ಬೇಕು. ಆಹ್ವಾನ ಕಚೇರಿಯ ಕ್ಯಾಲೆಂಡರಿನಲ್ಲಿ ಕೂರುತ್ತದೆ, ಅದನ್ನು ಇಡೀ ತಂಡ ನೋಡಬಹುದು. ಕೌನ್ಸೆಲರ್ ಕೂರುವ ಕೋಣೆ ಎಚ್‌ಆರ್ ವಿಭಾಗದ ಪಕ್ಕದಲ್ಲೇ. ಬಿಲ್ಲಿನ ಜೊತೆ ಹೋದವರ ಎಂಪ್ಲಾಯಿ ನಂಬರು. ಇಷ್ಟಾದ ಮೇಲೆ ‘ಸಂಪೂರ್ಣ ಗೌಪ್ಯ’ ಎಂದು ಪೋಸ್ಟರ್ ಅಂಟಿಸಿದರೆ ನಂಬುವವರು ಯಾರು? ಒಪ್ಪಂದದಲ್ಲೇ ಬರೆಯಿಸಬೇಕಾದದ್ದು ಇಷ್ಟು: ಬಿಲ್ಲು ಒಟ್ಟು ಸಂಖ್ಯೆಗೆ ಮಾತ್ರ, ಹೆಸರಿಗಲ್ಲ. ವಿಭಾಗವಾರು ವರದಿಯಲ್ಲಿ ಹತ್ತಕ್ಕಿಂತ ಕಡಿಮೆ ಜನರಿರುವ ಗುಂಪನ್ನು ಬಿಡಿಯಾಗಿ ತೋರಿಸಬಾರದು, ಏಕೆಂದರೆ ಐದು ಜನರ ತಂಡದಲ್ಲಿ ‘ಒಬ್ಬರು ಆತಂಕಕ್ಕೆ ಸಲಹೆ ಪಡೆದರು’ ಎಂದರೆ ಹೆಸರು ಹೇಳಿದಂತೆಯೇ. ಜೀವಕ್ಕೆ ಅಪಾಯವಿದ್ದಾಗ, ಕಾನೂನು ಕೇಳಿದಾಗ ಗುಟ್ಟು ಮುರಿಯಬೇಕಾಗುತ್ತದೆ ಎಂಬುದನ್ನು ಮೊದಲ ಭೇಟಿಯಲ್ಲೇ ಹೇಳಬೇಕು. ಉಚಿತ ಭೇಟಿಗಳು ಐದೋ ಆರೋ ಆದ ಮೇಲೆ ಮುಂದೇನು ಎಂಬುದೂ ಅದರಲ್ಲಿರಬೇಕು. ಅರ್ಧ ಬಿಚ್ಚಿದ ಗಂಟನ್ನು ಕೈಗಿಟ್ಟು ಕಳಿಸಿದರೆ ಮೊದಲಿಗಿಂತ ಕಷ್ಟ.

ಇನ್ನೊಂದು ಚಾಳಿ, ಎಲ್ಲ ನೌಕರರಿಗೂ ಖಿನ್ನತೆಯ ಪ್ರಶ್ನಾವಳಿ ಕಳಿಸುವುದು. ಪಿಎಚ್‌ಕ್ಯೂ-9 ಎಂಬ ಪ್ರಸಿದ್ಧ ಪ್ರಶ್ನಾವಳಿಯಲ್ಲಿ ಒಂಬತ್ತು ಪ್ರಶ್ನೆ, 0ರಿಂದ 27 ಅಂಕ. 10 ಅಥವಾ ಹೆಚ್ಚು ಬಂದರೆ ವೈದ್ಯರು ಮುಂದೆ ವಿಚಾರಿಸುತ್ತಾರೆ. ಒಂಬತ್ತನೇ ಪ್ರಶ್ನೆ ಸಾವಿನ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದಕ್ಕೆ ಒಬ್ಬರು ಶುಕ್ರವಾರ ಸಂಜೆ ‘ಹೆಚ್ಚುಕಡಿಮೆ ಪ್ರತಿದಿನ’ ಎಂದು ಗುರುತು ಹಾಕಿದರು ಎಂದಿಟ್ಟುಕೊಳ್ಳಿ. ಸೋಮವಾರದವರೆಗೆ ಅದನ್ನು ಯಾರೂ ತೆರೆದು ನೋಡುವುದಿಲ್ಲ. ಓದಿ ತಕ್ಷಣ ಸ್ಪಂದಿಸುವ ತಜ್ಞರಿಲ್ಲದೆ ಇಂಥ ಪ್ರಶ್ನೆ ಕೇಳುವುದು ಹೊಣೆಗೇಡಿತನ. ಕಚೇರಿಗಳಲ್ಲಿ ಇಂಥ ತಪಾಸಣೆ ನಡೆಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿಲ್ಲ. ಹಾನಿಗಿಂತ ಲಾಭ ಹೆಚ್ಚೆಂಬುದು ಸ್ಪಷ್ಟವಿಲ್ಲ ಎಂಬುದೇ ಅದಕ್ಕೆ ಕಾರಣ.

ಔಷಧದ ಬಗ್ಗೆ ಎರಡು ಮಾತು, ಏಕೆಂದರೆ ಮ್ಯಾನೇಜರುಗಳಿಗೆ ಇದು ಗೊತ್ತಿಲ್ಲದೆ ಅನ್ಯಾಯವಾಗುತ್ತದೆ. ಖಿನ್ನತೆಯ ಮಾತ್ರೆ ನೋವಿನ ಮಾತ್ರೆಯಂತೆ ಗಂಟೆಯಲ್ಲಿ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ, ಪೂರ್ತಿ ತಿಳಿಯಲು ಆರರಿಂದ ಎಂಟು ವಾರ. ವಾಕರಿಕೆ, ನಿದ್ದೆ ಏರುಪೇರು, ಚಡಪಡಿಕೆಯಂಥ ಅಡ್ಡಪರಿಣಾಮಗಳು ಮೊದಲ ವಾರದಲ್ಲೇ ಬರಬಹುದು. ಅಂದರೆ ಚಿಕಿತ್ಸೆ ಶುರುವಾದ ಹದಿನೈದು ದಿನ ಕೆಲಸ ಇನ್ನಷ್ಟು ಕುಸಿಯಬಹುದು. ‘ಡಾಕ್ಟರ ಹತ್ತಿರ ಹೋಗಿಬಂದರಲ್ಲ, ಇನ್ನೂ ಹಾಗೇ ಇದ್ದಾರಲ್ಲ’ ಎಂದು ಮೆಮೊ ಕೊಡುವುದು ಸರಿಯಾಗಿ ಆ ಹೊತ್ತಿಗೇ. ಕೆಲವು ಔಷಧಗಳಿಂದ ಬೆಳಗಿನ ಮಂಪರು ಬರುತ್ತದೆ. ಅಂಥವರಿಗೆ ಎರಡು ಗಂಟೆ ತಡವಾಗಿ ಬರಲು ಬಿಡಬಹುದು. ಯಂತ್ರ ನಡೆಸುವವರು, ವಾಹನ ಓಡಿಸುವವರು, ಎತ್ತರದಲ್ಲಿ ಕೆಲಸ ಮಾಡುವವರ ವಿಷಯದಲ್ಲಿ ವೈದ್ಯರು ಸರಿ ಎನ್ನುವವರೆಗೆ ಬೇರೆ ಕೆಲಸ ಕೊಡಬೇಕು, ಸಂಬಳ ಕತ್ತರಿಸದೆ. ಸಂಬಳ ಹೋಗುತ್ತದೆ ಎಂದಾದರೆ ಔಷಧ ತೆಗೆದುಕೊಳ್ಳುತ್ತಿರುವುದನ್ನೇ ಮುಚ್ಚಿಡುತ್ತಾರೆ. ಆಗ ಯಂತ್ರದ ಮುಂದೆ ಮಂಪರಿನಲ್ಲಿ ನಿಂತವರು ಯಾರೆಂದು ಯಾರಿಗೂ ತಿಳಿಯದು.

ನಮ್ಮ ಅಭಿಪ್ರಾಯದಲ್ಲಿ ಒಂದು ಸಂಸ್ಥೆಯ ನಿಜ ಬಣ್ಣ ಬಯಲಾಗುವುದು ಕಾಯಿಲೆಯ ರಜೆ ಮುಗಿಸಿ ಬಂದವರನ್ನು ಅದು ನಡೆಸಿಕೊಳ್ಳುವ ರೀತಿಯಲ್ಲಿ. ಎರಡು ತಿಂಗಳ ನಂತರ ಬಾಗಿಲಿಗೆ ಬಂದು ಕಾರ್ಡ್ ಒಡ್ಡುತ್ತಾರೆ, ಕೆಂಪು ದೀಪ ಹತ್ತುತ್ತದೆ. ರಜೆಯಲ್ಲಿದ್ದವರ ಕಾರ್ಡನ್ನು ಸಿಸ್ಟಂ ತಾನಾಗಿ ನಿಲ್ಲಿಸಿರುತ್ತದೆ. ಸೆಕ್ಯುರಿಟಿ ಮುಂದೆ ನಿಂತು, ಯಾಕೆ ಇಷ್ಟು ದಿನ ಬರಲಿಲ್ಲ ಎಂದು ವಿವರಿಸಬೇಕು. ಪಾಸ್‌ವರ್ಡ್ ಅವಧಿ ಮುಗಿದಿದೆ. ಸೀಟಿನಲ್ಲಿ ಬೇರೆಯವರು. ಇನ್‌ಬಾಕ್ಸಿನಲ್ಲಿ ಓದದ ಮೇಲ್ ಮೂರು ಸಾವಿರ. ಯಾರೂ ಬೇಕೆಂದು ಮಾಡಿದ್ದಲ್ಲ ಇದು, ಆದರೂ ಬಂದವರಿಗೆ ಕೇಳಿಸುವುದು ‘ನೀನು ಇಲ್ಲಿಗೆ ಬೇಡ’ ಎಂಬ ಒಂದೇ ಮಾತು. ಬರುವ ಹಿಂದಿನ ದಿನ ಕಾರ್ಡ್, ಲಾಗಿನ್, ಸೀಟು ಮೂರನ್ನೂ ಒಬ್ಬರು ಪರೀಕ್ಷಿಸಿ ನೋಡುವುದು ಹದಿನೈದು ನಿಮಿಷದ ಕೆಲಸ. ಹಳೆಯ ಮೇಲ್‌ಗಳನ್ನು ಸಹೋದ್ಯೋಗಿಯೊಬ್ಬರು ಸೋಸಿ, ತಿಳಿಯಲೇಬೇಕಾದದ್ದನ್ನು ಒಂದು ಪುಟದಲ್ಲಿ ಬರೆದು ಕೊಟ್ಟರೆ ಉಳಿದದ್ದನ್ನು ಒಂದು ಫೋಲ್ಡರಿಗೆ ತಳ್ಳಿ ಮರೆಯಬಹುದು.

ಸಿದ್ಧತೆ ಇನ್ನೂ ಮೊದಲೇ ಆಗಬೇಕು. ರಜೆ ಶುರುವಾಗುವ ದಿನವೇ, ಸಂಪರ್ಕಕ್ಕೆ ಯಾರು, ಎಷ್ಟು ದಿನಕ್ಕೊಮ್ಮೆ, ಫೋನೋ ಮೆಸೇಜೋ ಎಂದು ಅವರನ್ನೇ ಕೇಳಿ ನಿಶ್ಚಯಿಸಬೇಕು. ಹದಿನೈದು ದಿನಕ್ಕೊಂದು ಮೆಸೇಜ್ ಸಾಮಾನ್ಯವಾಗಿ ಹಿತ. ಅದರಲ್ಲಿ ‘ಆ ಫೈಲ್ ಎಲ್ಲಿಟ್ಟಿದ್ರಿ’ ಬೇಡ. ಮರಳುವ ಯೋಜನೆಯನ್ನು ನೌಕರ, ಮ್ಯಾನೇಜರ್, ಚಿಕಿತ್ಸೆ ಕೊಡುವ ವೈದ್ಯರು ಸೇರಿ ಬರೆಯಬೇಕು. ವೈದ್ಯರಿಂದ ಬೇಕಾದದ್ದು ಕಾಯಿಲೆಯ ಹೆಸರಲ್ಲ, ಏನು ಮಾಡಬಹುದು, ಏನು ಸದ್ಯಕ್ಕೆ ಬೇಡ ಎಂಬುದು. ಆರು ವಾರದ ಯೋಜನೆ ಹೀಗಿರಬಹುದು: ಮೊದಲ ವಾರ ದಿನ ಬಿಟ್ಟು ದಿನ ನಾಲ್ಕು ಗಂಟೆ, ಎರಡನೇ ವಾರ ನಾಲ್ಕು ದಿನ ನಾಲ್ಕು ಗಂಟೆ, ಮೂರು ಮತ್ತು ನಾಲ್ಕನೇ ವಾರ ಐದು ದಿನ ಐದಾರು ಗಂಟೆ, ಕೊನೆಯ ಎರಡು ವಾರ ಪೂರ್ತಿ ವೇಳೆ ಆದರೆ ಮುಕ್ಕಾಲು ಟಾರ್ಗೆಟ್. ಕೆಲವರಿಗೆ ಇದಕ್ಕಿಂತ ಬೇಗ, ಕೆಲವರಿಗೆ ತಡ.

ಈ ಯೋಜನೆ ಕೆಡುವ ದಾರಿಗಳು ಹೆಚ್ಚುಕಡಿಮೆ ಒಂದೇ ರೀತಿ. ಗಂಟೆ ಅರ್ಧವಾಯಿತು, ಟಾರ್ಗೆಟ್ ಪೂರ್ತಿ ಉಳಿಯಿತು. ಇದು ಅತಿ ಸಾಮಾನ್ಯ. ಹಾಗಾಗಿ ವೇಳೆಯ ಪಕ್ಕದಲ್ಲೇ ಕೆಲಸದ ಪ್ರಮಾಣವನ್ನೂ ಅಂಕಿಯಲ್ಲಿ ಬರೆಯಬೇಕು. ಅರ್ಧ ದಿನದ ಸಂಬಳ ಎಲ್ಲಿಂದ ಎಂದು ಮೊದಲೇ ಹೇಳದಿದ್ದರೆ ಎರಡನೇ ವಾರಕ್ಕೇ ‘ನಾನು ಪೂರ್ತಿ ಹುಷಾರಾಗಿದ್ದೇನೆ’ ಎಂದು ಬಂದುಬಿಡುತ್ತಾರೆ. ಸುಲಭವಿರಲಿ ಎಂದು ಕೆಲಸಕ್ಕೆ ಬಾರದ ಕೆಲಸ ಕೊಟ್ಟರೆ ಅದೂ ಅವಮಾನವೇ. ಕೆಲಸ ಚಿಕ್ಕದಿರಲಿ, ನಿಜವಾದದ್ದಿರಲಿ. ಆಮೇಲೆ ಮೂರನೇ ವಾರ. ನಗುತ್ತಾರೆ, ಊಟಕ್ಕೆ ಜೊತೆಯಾಗುತ್ತಾರೆ, ಎಲ್ಲ ಸರಿಹೋಯಿತು ಎಂದು ತಂಡ ಮರೆಯುತ್ತದೆ. ‘ಇದೊಂದು ಸಣ್ಣದು ನೋಡ್ತೀರಾ’ ಎಂದು ನಾಲ್ಕು ಕಡೆಯಿಂದ ನಾಲ್ಕು ಸಣ್ಣದು ಬರುತ್ತವೆ. ವಾರಕ್ಕೊಂದು ಹದಿನೈದು ನಿಮಿಷದ ಭೇಟಿಯನ್ನು ನಿಲ್ಲಿಸಬಾರದಾದದ್ದು ಆ ವಾರವೇ. ಸಹೋದ್ಯೋಗಿಗಳಿಗೆ ಏನು ಹೇಳಬೇಕೆಂಬುದನ್ನೂ ಬಂದವರೇ ಆರಿಸಲಿ. ‘ಆರೋಗ್ಯದ ಕಾರಣಕ್ಕೆ ರಜೆಯಲ್ಲಿದ್ದರು, ಈಗ ನಿಧಾನಕ್ಕೆ ಮರಳುತ್ತಿದ್ದಾರೆ’ ಎಂಬ ಒಂದು ವಾಕ್ಯ ಬಹಳ ಜನಕ್ಕೆ ಸಾಕಾಗುತ್ತದೆ. ತಮ್ಮ ಮುನ್ಸೂಚನೆಗಳನ್ನು ಅವರೇ ಬರೆದಿಟ್ಟರೆ ಇನ್ನೂ ಒಳ್ಳೆಯದು: ಊಟ ಬಿಡತೊಡಗಿದರೆ, ರಾತ್ರಿ ಎರಡಕ್ಕೆ ಮೇಲ್ ಕಳಿಸತೊಡಗಿದರೆ ಯಾರು ಬಂದು ಏನು ಕೇಳಬೇಕು ಎಂದು.

ಒಂದು ಎಚ್ಚರ. ಕಿರುಕುಳ ಕೊಡುವ ಮೇಲಧಿಕಾರಿಯ ಬಗ್ಗೆ ದೂರು ಬಂದಾಗ ದೂರು ಕೊಟ್ಟವರನ್ನೇ ಕೌನ್ಸೆಲಿಂಗಿಗೆ ಕಳಿಸುವುದು ಪರಿಹಾರವಲ್ಲ, ತಿಪ್ಪೆ ಸಾರಿಸುವುದು. ಕೆಲಸದ ಸ್ಥಳದ ಹಿಂಸೆ ಮತ್ತು ಕಿರುಕುಳದ ಬಗ್ಗೆ 2019ರಲ್ಲಿ ಅಂಗೀಕಾರವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 190ನೇ ಒಡಂಬಡಿಕೆ ಮಾನಸಿಕ ಹಾನಿಯನ್ನೂ ಹಿಂಸೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅಲ್ಲಿ ಬೇಕಾದದ್ದು ವಿಚಾರಣೆ. ಆಪ್ತಸಮಾಲೋಚನೆ ಅದರ ಜೊತೆಗೆ ನಡೆಯಲಿ, ಜಾಗದಲ್ಲಿ ಅಲ್ಲ. ಹಾಗೆಯೇ ಕೆಲಸದ ಜಾಗದಲ್ಲಿ ಅಪಘಾತವೋ ಸಾವೋ ಆದಾಗ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕಂಡದ್ದನ್ನೆಲ್ಲ ಮತ್ತೆ ಹೇಳಿಸುವ ಕಡ್ಡಾಯ ಸಭೆ ಬೇಡ. ಇಂಥ ಒಂದೇ ಬಾರಿಯ ಮರುಕಥನ ಆಘಾತದ ನಂತರದ ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕೂ ಮಾಡಬಹುದು ಎಂದು ಅಧ್ಯಯನಗಳು ತೋರಿಸಿವೆ. ಮೊದಲ ದಿನಗಳಲ್ಲಿ ಬೇಕಾದದ್ದು ಸುರಕ್ಷಿತ ಜಾಗ, ನೀರು, ಮನೆಗೆ ಫೋನ್, ಮನೆ ತಲುಪಿಸುವವರು, ಮಾತಾಡಬೇಕೆನಿಸಿದವರಿಗೆ ಕೇಳುವ ಕಿವಿ. ತಿಂಗಳಾದರೂ ನಿದ್ದೆ ಬಾರದಿದ್ದರೆ, ದೃಶ್ಯ ಕಣ್ಮುಂದೆ ಬರುತ್ತಲೇ ಇದ್ದರೆ ತಜ್ಞರ ಚಿಕಿತ್ಸೆ.

ಇಷ್ಟನ್ನೆಲ್ಲ ಮ್ಯಾನೇಜರ್ ಮಾಡಬೇಕು ಎನ್ನುವಾಗ ಅವನ ಕೆಳಗೆ ಮೂವತ್ತು ಜನರಿದ್ದರೆ ಮಾತು ಮುಗಿಯಿತು. ವಾರಕ್ಕೆ ತಲಾ ಅರ್ಧ ಗಂಟೆ ಎಂದರೂ ಹದಿನೈದು ಗಂಟೆ. ಎಂಟು ಹತ್ತು ಜನರಿಗೊಬ್ಬರು ಇರಲಿ, ಇಲ್ಲವೇ ಆ ಹೊಣೆಯನ್ನು ಹಂಚಲಿ. ಮ್ಯಾನೇಜರುಗಳ ತರಬೇತಿಯೂ ಸ್ಲೈಡು ತೋರಿಸಿ ಮುಗಿಸುವಂಥದ್ದಲ್ಲ. ಮೇಲೆ ಹೇಳಿದ ಮೊದಲ ಮಾತುಕತೆಯನ್ನು ಇಬ್ಬಿಬ್ಬರಾಗಿ ಕೂತು ಮೂರು ನಾಲ್ಕು ಸಲ ಆಡಿ ನೋಡಬೇಕು, ಮೌನವನ್ನೂ ಸೇರಿಸಿ. ಐದಾರು ಜನರ ಸಣ್ಣ ಅಂಗಡಿ, ವರ್ಕ್‌ಶಾಪುಗಳಿಗೆ ಕೌನ್ಸೆಲರ್, ನೀತಿಪತ್ರ ಇವೆಲ್ಲ ದೂರದ ಮಾತು. ಅಲ್ಲಿ ಮಾಲೀಕ ಮುಂದಿನ ವಾರದ ಪಾಳಿಯನ್ನು ಮೊದಲೇ ತಿಳಿಸಿ, ಸಂಬಳವನ್ನು ಹೇಳಿದ ದಿನಕ್ಕೆ ಕೊಟ್ಟು, ಎಲ್ಲರೆದುರು ಬೈಯದಿದ್ದರೆ ದೊಡ್ಡ ಕಂಪನಿಯ ಅರ್ಧ ಕಾರ್ಯಕ್ರಮಗಳಿಗಿಂತ ಹೆಚ್ಚಿನದು ಆದಂತೆ.

ಪತ್ರಿಕೆಗೆ ಒಂದು ವಿನಂತಿ. ಮುಂದಿನ ಅಕ್ಟೋಬರಿನಲ್ಲಿ ಇಂಥ ಕಾರ್ಯಕ್ರಮದ ಸುದ್ದಿ ಬಂದಾಗ ಎಷ್ಟು ಜನ ಪಾಲ್ಗೊಂಡರು ಎಂದು ಬರೆಯುವುದರ ಜೊತೆಗೆ ವರದಿಗಾರರು ಆ ಸಂಸ್ಥೆಯನ್ನು ಮೂರು ಪ್ರಶ್ನೆ ಕೇಳಲಿ. ಕಳೆದ ವರ್ಷ ಬಿಟ್ಟುಹೋದವರ ಜಾಗ ತುಂಬಲು ಸರಾಸರಿ ಎಷ್ಟು ದಿನ ಹಿಡಿಯಿತು, ಅಲ್ಲಿಯವರೆಗೆ ಟಾರ್ಗೆಟ್ ಇಳಿಸಿದ್ದಿರಾ? ಕೌನ್ಸೆಲಿಂಗ್ ಬಿಲ್ಲಿನಲ್ಲಿ ಹೆಸರು ಅಥವಾ ನೌಕರ ಸಂಖ್ಯೆ ಇರುತ್ತದೆಯೇ? ಮಾನಸಿಕ ಅನಾರೋಗ್ಯದಿಂದ ದೀರ್ಘ ರಜೆ ಹೋಗಿ ಬಂದವರಲ್ಲಿ ಆರು ತಿಂಗಳ ನಂತರ ಎಷ್ಟು ಮಂದಿ ಅದೇ ಕೆಲಸದಲ್ಲಿದ್ದಾರೆ? ಉತ್ತರ ಸಿಕ್ಕರೆ ಚಿತ್ರದ ಕೆಳಗೆ ಅದನ್ನೇ ಅಚ್ಚು ಮಾಡಿ, ಸಿಗದಿದ್ದರೆ ಸಿಗಲಿಲ್ಲ ಎಂದು ಅಚ್ಚು ಮಾಡಿ.

ಇತಿ,
ಉದ್ಯೋಗ ಆರೋಗ್ಯ ಕ್ಷೇತ್ರದ ಕೆಲವು ಓದುಗರು